ಮೂರನೆಯವರ ಇನ್‌ಬಾಕ್ಸ್ ಮುಟ್ಟಿದರೆ ಅದೂ ಸಭೆಯೇ: ಬ್ರೌನ್ ಆ್ಯಕ್ಟ್ ಮತ್ತು ಇಮೇಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ಸಿಟಿ ಕೌನ್ಸಿಲ್‌ಗೋ ಸ್ಕೂಲ್ ಬೋರ್ಡಿಗೋ ನಿಲ್ಲುವ ಭಾರತೀಯರು ಈಗ ಅಪರೂಪವೇನಲ್ಲ. ಗೆದ್ದವರು ಮೊದಲು ಎಡವುವುದು ಬಜೆಟ್ಟಿನಲ್ಲೂ ಅಲ್ಲ, ಭಾಷಣದಲ್ಲೂ ಅಲ್ಲ, ಇಮೇಲಿನಲ್ಲಿ. ನಾನು ಒಂದು ಊರಿನ ಸಲಹಾ ಸಮಿತಿಯಲ್ಲಿ ಕೆಲವು ವರ್ಷ ಕೂತಿದ್ದೆ. ದೊಡ್ಡ ಹುದ್ದೆಯಲ್ಲ, ಸಂಬಳವೂ ಇಲ್ಲ. ಆದರೂ ಜನರ ಕೆಲಸದ ಮಾತು ಜನರ ಎದುರೇ ಆಗಬೇಕು ಅನ್ನುವ ಬ್ರೌನ್ ಆ್ಯಕ್ಟ್ ಎಂಬ ಈ ಕಾನೂನು ನನಗೂ ಅನ್ವಯಿಸುತ್ತಿತ್ತು, ಒಮ್ಮೆ ಕೈ ಸುಟ್ಟುಕೊಂಡೂ ಇದ್ದೇನೆ. ಪರಿಚಯದವರು ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ನಾನು ವಕೀಲನಲ್ಲ. ನಿಮ್ಮ ಮೇಲೆ ಆಗಲೇ ದೂರು ಬಂದಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಸಿಟಿ ಅಟಾರ್ನಿ, ಅಂದರೆ ಊರಿನ ಆಡಳಿತದ ವಕೀಲರ ಹತ್ತಿರ ಹೋಗಿ.

ಬ್ರೌನ್ ಆ್ಯಕ್ಟ್ ಅಂದರೆ ಏನು? ಗವರ್ನರ್ ಜೆರ್ರಿ ಬ್ರೌನ್ ಮಾಡಿದ್ದಾ?

ಅಲ್ಲ, ಈ ಬ್ರೌನ್ ಬೇರೆ. ರಾಲ್ಫ್ ಬ್ರೌನ್ ಅಂತ ಮೊಡೆಸ್ಟೊ ಕಡೆಯ ಶಾಸಕ. 1952ರಲ್ಲಿ ‘ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್’ ಪತ್ರಿಕೆಯಲ್ಲಿ ಮೈಕಲ್ ಹ್ಯಾರಿಸ್ ಎಂಬ ವರದಿಗಾರ ಒಂದು ಸರಣಿ ಬರೆದ. ಊರೂರಿನ ಕೌನ್ಸಿಲ್‌ಗಳು, ಬೋರ್ಡುಗಳು ಬಾಗಿಲು ಹಾಕಿಕೊಂಡು ಹೇಗೆ ತೀರ್ಮಾನ ಮಾಡುತ್ತವೆ ಎಂಬುದು ಅದರ ವಿಷಯ. ಆ ಬಿಸಿ ಆರುವ ಮೊದಲೇ, 1953ರಲ್ಲಿ, ಕ್ಯಾಲಿಫೋರ್ನಿಯಾ ಈ ಕಾನೂನು ತಂದಿತು. ಸಹಿ ಹಾಕಿದ ಗವರ್ನರ್ ಅರ್ಲ್ ವಾರನ್. ಅದೇ ವರ್ಷ ಅವರು ಅಮೆರಿಕದ ಮುಖ್ಯ ನ್ಯಾಯಮೂರ್ತಿಯಾದರು.

ಕಾನೂನಿನ ಹುರುಳು ಸರಳ. ಸ್ಥಳೀಯ ಸಂಸ್ಥೆಯ ಸದಸ್ಯರು ಜನರ ಕೆಲಸದ ಬಗ್ಗೆ ಮಾತಾಡುವುದಾದರೆ ಜನರ ಎದುರಿಗೇ ಮಾತಾಡಬೇಕು. ಸಾಮಾನ್ಯ ಸಭೆಗೆ 72 ಗಂಟೆ ಮೊದಲು ಅಜೆಂಡಾ ಹಾಕಬೇಕು, ವಿಶೇಷ ಸಭೆಗೆ 24 ಗಂಟೆ ಮೊದಲು. ಬಂದವರಿಗೆ ಮಾತಾಡಲು ಅವಕಾಶ ಕೊಡಬೇಕು.

1953ರಲ್ಲಿ ಇಮೇಲ್ ಎಲ್ಲಿತ್ತು?

ಇರಲಿಲ್ಲ. ಆದರೆ ಜಾಣರು ಆಗಲೂ ಇದ್ದರು. ಎಲ್ಲರೂ ಒಂದೇ ಕೋಣೆಗೆ ಬರದೆ ಒಬ್ಬರಾದ ಮೇಲೆ ಒಬ್ಬರಿಗೆ ಫೋನ್ ಮಾಡಿದರೆ ಅದು ಸಭೆ ಅಲ್ಲ ಅಂತ ವಾದ ಮಾಡಬಹುದಿತ್ತು. ಸ್ಟಾಕ್ಟನ್ ಊರಿನಲ್ಲಿ ಒಬ್ಬ ವಕೀಲರು ಪುನರಾಭಿವೃದ್ಧಿ ಸಂಸ್ಥೆಯ ಸದಸ್ಯರಿಗೆ ಹೀಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಎಲ್ಲರ ಒಪ್ಪಿಗೆ ಕಲೆಹಾಕಿದರು ಎಂದು ಪತ್ರಿಕೆಯೊಂದು ಕೋರ್ಟಿಗೆ ಹೋಯಿತು. ಅಂಥ ಸರಣಿ ಫೋನ್ ಕರೆಗಳೂ ಸಭೆಯೇ ಆಗುತ್ತವೆ ಅಂತ 1985ರಲ್ಲಿ ಮೇಲ್ಮನವಿ ಕೋರ್ಟು ಹೇಳಿತು. ಇಂದಿನ ಕಾನೂನಿನಲ್ಲಿ ‘ಯಾವುದೇ ಬಗೆಯ ಸಂಪರ್ಕಗಳ ಸರಣಿ’ ಎಂಬರ್ಥದ ಮಾತೇ ಇದೆ. ನೇರವಾಗಿ ಆದರೂ ಸರಿ, ಮಧ್ಯವರ್ತಿಯ ಮೂಲಕ ಆದರೂ ಸರಿ. ಮೇಲ್, ಮೆಸೇಜ್, ಕಾಫಿ ಕುಡಿಯುತ್ತಾ ಆಡಿದ ಮಾತು, ಎಲ್ಲವೂ ಅದರೊಳಗೆ ಬಂದವು.

ಎಷ್ಟು ಜನರ ನಡುವೆ ಮೇಲ್ ಓಡಾಡಿದರೆ ತಪ್ಪು?

ಬಹುಮತ ಮುಟ್ಟಿದರೆ. ಐವರ ಕೌನ್ಸಿಲ್ ಆದರೆ ಮೂವರು, ಏಳು ಜನರದ್ದಾದರೆ ನಾಲ್ವರು. ಐವರಲ್ಲಿ ಇಬ್ಬರು ಒಬ್ಬರಿಗೊಬ್ಬರು ಮೇಲ್ ಬರೆದುಕೊಂಡರೆ ಬ್ರೌನ್ ಆ್ಯಕ್ಟ್ ಅಡ್ಡ ಬರುವುದಿಲ್ಲ. ಬಜೆಟ್ ಬಗ್ಗೆಯೇ ಬರೆದುಕೊಳ್ಳಲಿ, ಜಗಳವನ್ನೇ ಆಡಲಿ.

ಒಂದು ಎಚ್ಚರ. ಐವರಲ್ಲಿ ಇಬ್ಬರೇ ಇರುವ ಖಾಯಂ ಉಪಸಮಿತಿ ಇದ್ದರೆ ಆ ಇಬ್ಬರೇ ಅಲ್ಲಿ ಪೂರ್ಣ ಸದಸ್ಯರು. ಉಪಸಮಿತಿಯ ವಿಷಯದ ಬಗ್ಗೆ ಅವರಿಬ್ಬರ ನಡುವಿನ ಮೇಲ್ ಕೂಡ ಸಭೆ ಆಗಿಬಿಡುತ್ತದೆ. ಇದನ್ನು ತುಂಬಾ ಜನ ಮರೆಯುತ್ತಾರೆ.

ನಾನು ಇಬ್ಬರಿಗೆ ಮಾತ್ರ ಬರೆದೆ. ಅದು ಹೇಗೆ ತಪ್ಪಾಯಿತು?

ಇಲ್ಲೇ ಎಲ್ಲರೂ ಸಿಕ್ಕಿಬೀಳುವುದು. ಐದು ಸದಸ್ಯರು ಅಂದುಕೊಳ್ಳಿ: ಕ, ಚ, ಟ, ತ, ಪ. ಪಾರ್ಕಿನ ಜಾಗದಲ್ಲಿ ಪಾರ್ಕಿಂಗ್ ಮಾಡಬೇಕೋ ಬೇಡವೋ ಎಂಬ ವಿಷಯ. ‘ಕ’ ಅವರು ‘ಚ’ ಅವರಿಗೆ ಬರೆದರು: ನನಗೆ ಇದು ಬೇಡ ಅನ್ನಿಸುತ್ತದೆ. ತಪ್ಪಿಲ್ಲ. ‘ಚ’ ಅವರು ಅದನ್ನೇ ‘ಟ’ ಅವರಿಗೆ ಫಾರ್ವರ್ಡ್ ಮಾಡಿ, ನಾನೂ ಹಾಗೇ, ನೀವೇನಂತೀರಿ ಅಂತ ಕೇಳಿದರು. ಈಗ ಮೂವರಾದರು. ‘ಕ’ ಮತ್ತು ‘ಟ’ ಒಬ್ಬರಿಗೊಬ್ಬರು ಒಂದಕ್ಷರ ಬರೆದಿಲ್ಲ. ‘ಕ’ ಅವರಿಗೆ ಫಾರ್ವರ್ಡ್ ಆಗಿದ್ದೇ ಗೊತ್ತಿಲ್ಲ. ಆದರೂ ಪಾರ್ಕಿನ ಗತಿ ಮೂವರ ಇನ್‌ಬಾಕ್ಸಿನಲ್ಲೇ ತೀರ್ಮಾನ ಆಯಿತು. ಇದಕ್ಕೆ ಇಲ್ಲಿನವರು ಡೈಸಿ ಚೈನ್ ಅನ್ನುತ್ತಾರೆ. ಮೊಗ್ಗು ಮೊಗ್ಗು ಸೇರಿಸಿ ದಂಡೆ ಕಟ್ಟಿದ ಹಾಗೆ.

ಇನ್ನೊಂದು ಬಗೆ ಸೈಕಲ್ ಚಕ್ರದ್ದು. ನಡುವೆ ಒಬ್ಬರು, ಸುತ್ತ ಕಡ್ಡಿಗಳು. ‘ಕ’ ಅವರೇ ‘ಚ’ ಅವರಿಗೊಂದು, ‘ಟ’ ಅವರಿಗೊಂದು ಬೇರೆ ಬೇರೆ ಮೇಲ್ ಕಳಿಸುತ್ತಾರೆ. ನಡುವೆ ಇರುವವರು ಸದಸ್ಯರೇ ಆಗಬೇಕಿಲ್ಲ. ಊರಿನ ಆಡಳಿತ ನಡೆಸುವ ಅಧಿಕಾರಿಯಾದ ಸಿಟಿ ಮ್ಯಾನೇಜರ್ ಆಗಬಹುದು, ಬಿಲ್ಡರ್ ಕಡೆಯ ಲಾಬಿದಾರ ಆಗಬಹುದು, ಸದಸ್ಯರೊಬ್ಬರ ಸಹಾಯಕ ಆಗಬಹುದು.

ಅದಕ್ಕೇ ಇಬ್ಬರ ನಡುವಿನ ಮೇಲ್ ಕಾನೂನುಬದ್ಧ ಆದರೂ ನನಗೆ ಅದು ಇಷ್ಟವಿಲ್ಲ. ನಿಮ್ಮ ಮೇಲ್ ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ.

ಹಾಗಾದರೆ ಸಿಟಿ ಸ್ಟಾಫ್ ನಮ್ಮೆಲ್ಲರಿಗೂ ಮೇಲ್ ಮಾಡುತ್ತಾರಲ್ಲ?

ಮಾಡಬಹುದು. ಮಾಹಿತಿ ಕೊಡುವುದಕ್ಕೆ, ಪ್ರಶ್ನೆಗೆ ಉತ್ತರ ಹೇಳುವುದಕ್ಕೆ ಸ್ಟಾಫ್ ಒಬ್ಬೊಬ್ಬ ಸದಸ್ಯರ ಜತೆಗೂ ಬೇರೆ ಬೇರೆ ಮಾತಾಡಬಹುದು ಅಂತ ಕಾನೂನೇ ಹೇಳುತ್ತದೆ. ಷರತ್ತು ಒಂದೇ. ಒಬ್ಬ ಸದಸ್ಯರ ಅಭಿಪ್ರಾಯವನ್ನು ಇನ್ನೊಬ್ಬರಿಗೆ ದಾಟಿಸಬಾರದು. ರಸ್ತೆ ರಿಪೇರಿಗೆ ಇಷ್ಟು ಡಾಲರ್ ಬೇಕು ಅಂದರೆ ಮಾಹಿತಿ. ಮೇಯರ್ ಮೇಡಂ, ಇನ್ನೊಬ್ಬ ಸದಸ್ಯರು ಒಪ್ಪಿದ್ದಾರೆ, ನೀವೊಬ್ಬರು ಹ್ಞೂಂ ಅಂದರೆ ಮೂರಾಗುತ್ತದೆ ಅಂದರೆ ಅದು ಸಭೆ.

ಈ ಗೆರೆ ಎಳೆದ ಕತೆಯಲ್ಲಿ ನಮ್ಮ ಫ್ರೀಮಾಂಟ್ ಊರಿನ ಹೆಸರಿದೆ. ಅಲ್ಲಿನ ಪೊಲೀಸರು, ಕಳ್ಳತನದ ಅಲಾರಾಂ ಹೊಡೆದುಕೊಂಡ ಮಾತ್ರಕ್ಕೆ ಇನ್ನು ಮೇಲೆ ಬರುವುದಿಲ್ಲ, ನಿಜ ಅಂತ ಖಾತ್ರಿಯಾದರೆ ಮಾತ್ರ ಬರುತ್ತೇವೆ ಎಂಬ ನೀತಿ ತಂದರು. ಅದಕ್ಕೆ ಮೊದಲು ಸಿಟಿ ಮ್ಯಾನೇಜರ್ ಕೌನ್ಸಿಲ್ ಸದಸ್ಯರ ಜತೆ ಒಬ್ಬೊಬ್ಬರಾಗಿ ಮಾತಾಡಿದ್ದರು ಎಂಬುದು ತಕರಾರು. 2006ರಲ್ಲಿ ಬಂದ ತೀರ್ಪು, ಇಂಥ ಸರಣಿ ಮಾತುಕತೆ ತಪ್ಪಾಗಬೇಕಾದರೆ ಕೊನೆಗೆ ಒಂದು ಒಟ್ಟು ಒಪ್ಪಿಗೆ ಮೂಡಿರಬೇಕು ಎಂಬ ಅರ್ಥ ಕೊಟ್ಟಿತು. ಶಾಸನಸಭೆಗೆ ಅದು ಹಿಡಿಸಲಿಲ್ಲ. 2008ರಲ್ಲಿ ತಿದ್ದುಪಡಿ ತಂದು, ಆ ತೀರ್ಪಿನ ಹೆಸರನ್ನೇ ಎತ್ತಿ, ಅದರ ಆ ಭಾಗವನ್ನು ಒಪ್ಪುವುದಿಲ್ಲ ಅಂತ ಬರೆಯಿತು. 2009ರಿಂದ ಒಪ್ಪಿಗೆಯವರೆಗೆ ಹೋಗಬೇಕಿಲ್ಲ. ಬಹುಮತದವರು ಚರ್ಚೆ ಮಾಡಿದರೂ ಸಾಕು, ತಪ್ಪೇ.

ಮುಚ್ಚುಮರೆಯೇ ಇಲ್ಲದಿದ್ದರೆ? ನಮ್ಮ ಮೇಲ್‌ಗಳನ್ನೆಲ್ಲ ವೆಬ್‌ಸೈಟಿಗೆ ಹಾಕಿಬಿಡುತ್ತೇವೆ.

ತುಂಬಾ ಒಳ್ಳೆಯ ಪ್ರಶ್ನೆ. ನಾನೂ ಇದನ್ನೇ ಕೇಳಿದ್ದೆ, ಜಾಣ ಅಂದುಕೊಂಡು. 2001ರಲ್ಲೇ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಮುಂದೆ ಈ ಪ್ರಶ್ನೆ ಬಂದಿತ್ತು. ಬೋರ್ಡಿನ ಬಹುಮತದ ಸದಸ್ಯರು ಒಬ್ಬರಿಗೊಬ್ಬರು ಮೇಲ್ ಬರೆದು ಚರ್ಚಿಸುತ್ತಾರೆ. ಒಂದೊಂದು ಮೇಲಿನ ನಕಲೂ ಕಾರ್ಯದರ್ಶಿಗೂ ಅಧ್ಯಕ್ಷರಿಗೂ ಹೋಗುತ್ತದೆ. ಸಂಸ್ಥೆಯ ವೆಬ್‌ಸೈಟಿನಲ್ಲೂ ಹಾಕುತ್ತಾರೆ. ಮುಂದಿನ ಸಭೆಯಲ್ಲಿ ಪ್ರಿಂಟ್ ತೆಗೆದು ಇಡುತ್ತಾರೆ. ಇಷ್ಟೆಲ್ಲ ಮಾಡಿದರೆ ಸರಿ ಅಲ್ವಾ?

ಉತ್ತರ: ಸರಿಯಲ್ಲ. ಇಂಟರ್ನೆಟ್ ಇಲ್ಲದವರಿಗೆ ಅದು ನಡೆಯುವಾಗ ನೋಡುವುದಕ್ಕೇ ಆಗುವುದಿಲ್ಲ ಎಂಬುದು ಒಂದು ಕಾರಣ. ಅದು ಆ ಕಾಲದ ಮಾತು ಅನ್ನಿ. ಎರಡನೆಯದು ಇಂದಿಗೂ ಗಟ್ಟಿ. ಜನರಿಗೆ ಮಾತಾಡುವ ಸರದಿ ಬರುವ ಹೊತ್ತಿಗೆ ಚರ್ಚೆಯೇ ಮುಗಿದಿರುತ್ತದೆ.

ನನ್ನ ಮಟ್ಟಿಗೆ ಇಡೀ ಕಾನೂನಿನ ಜೀವ ಇರುವುದು ಇಲ್ಲೇ. ಮುಚ್ಚಿಡುವುದೊಂದೇ ತಪ್ಪಲ್ಲ, ಜನ ಬರುವ ಮೊದಲೇ ಮುಗಿಸುವುದೂ ತಪ್ಪು. ಮದುವೆಗೆ ಕರೆದು, ಮುಹೂರ್ತ ಮುಗಿದ ಮೇಲೆ ವಿಡಿಯೊ ತೋರಿಸಿದರೆ ಅಕ್ಷತೆ ಹಾಕುವುದು ಯಾರ ಮೇಲೆ?

ರಿಪ್ಲೈ ಆಲ್ ಒತ್ತಿಬಿಟ್ಟೆ. ಈಗೇನು?

ನನ್ನ ಕೈ ಸುಟ್ಟಿದ್ದು ಇದರಲ್ಲೇ. ಸಮಿತಿಯ ಸ್ಟಾಫ್ ಮುಂದಿನ ಸಭೆಯ ಕಾಗದಗಳನ್ನು ಎಲ್ಲರಿಗೂ ಕಳಿಸಿದ್ದರು. ಅದು ಒಮ್ಮುಖ ಮಾಹಿತಿ, ತಪ್ಪಿಲ್ಲ. ರಾತ್ರಿ ಹತ್ತೂವರೆಗೆ ಓದಿ, ಎರಡನೇ ಆಯ್ಕೆಯೇ ವಾಸಿ ಅಂತ ಬರೆದು ಎಲ್ಲರಿಗೂ ಒತ್ತಿಬಿಟ್ಟೆ. ಬೆಳಿಗ್ಗೆ ಏಳುವ ಹೊತ್ತಿಗೆ ಒಬ್ಬರು, ನನಗೂ ಹಾಗೇ ಅನ್ನಿಸಿತು ಅಂತ ಉತ್ತರ ಹಾಕಿದ್ದರು. ಪುಣ್ಯಕ್ಕೆ ಮೂರನೆಯವರು ಹಾಕುವ ಮೊದಲು ಸ್ಟಾಫ್ ನೋಡಿ, ಯಾರೂ ಉತ್ತರ ಕೊಡಬೇಡಿ ಅಂತ ಎಲ್ಲರಿಗೂ ಬರೆದರು. ನಂತರದ ಸಭೆಯಲ್ಲಿ ಆ ಎರಡೂ ಮೇಲನ್ನು ಗಟ್ಟಿಯಾಗಿ ಓದಿ ಹೇಳಿದೆವು. ಕಿವಿ ಬಿಸಿಯಾಯಿತು.

ನಿಮಗೂ ಹಾಗಾದರೆ ಮೊದಲು ಸುಮ್ಮನಾಗಿ. ‘ಸಾರಿ, ತಪ್ಪಾಗಿ ಕಳಿಸಿದೆ’ ಎಂದು ಮತ್ತೆ ಎಲ್ಲರಿಗೂ ವಿವರಣೆ ಬರೆಯಬೇಡಿ. ಮೇಲನ್ನು ಅಳಿಸಲೂ ಬೇಡಿ. ಅಳಿಸಿದರೆ ಇನ್ನೊಂದು ತೊಂದರೆ ತಲೆಗೆ ಬರುತ್ತದೆ. ಸಿಟಿ ಅಟಾರ್ನಿಗೆ ಅಥವಾ ಊರಿನ ದಾಖಲೆಗಳನ್ನು ನೋಡಿಕೊಳ್ಳುವ ಕ್ಲರ್ಕ್‌ಗೆ ತಿಳಿಸಿ. ಸ್ಟಾಫ್ ಎಲ್ಲರ ವಿಳಾಸವನ್ನೂ ಬಿಸಿಸಿಯಲ್ಲಿ ಹಾಕಿ ಕಳಿಸಿದರೆ ಈ ಗುಂಡಿಯ ಕಾಟವೇ ಇರುವುದಿಲ್ಲ. ಎಷ್ಟೋ ಊರುಗಳಲ್ಲಿ ಅದೇ ರೂಢಿ.

ಮೀಟಿಂಗ್ ಯಾವಾಗ ಇಡೋಣ ಅಂತ ಕೇಳುವುದೂ ತಪ್ಪಾ?

ಇಲ್ಲ ಬಿಡಿ. ದಿನ, ಸಮಯ ಹೊಂದಿಸುವುದು ಚರ್ಚೆಯಲ್ಲ. ಆದರೆ, ಆ ವಿಷಯ ಇನ್ನೊಂದು ತಿಂಗಳು ಮುಂದಕ್ಕೆ ಹಾಕೋಣ, ಈಗ ತಂದರೆ ಸೋಲುತ್ತದೆ ಅಂತ ಬಾಲ ಸೇರಿಸಬೇಡಿ.

ಊರಿನವರು ಐವರಿಗೂ ಒಟ್ಟಿಗೆ ಮೇಲ್ ಬರೆಯಬಹುದಾ?

ಧಾರಾಳವಾಗಿ. ಕಾನೂನು ಕಟ್ಟಿಹಾಕುವುದು ಸದಸ್ಯರನ್ನು, ಜನರನ್ನಲ್ಲ. ಸದಸ್ಯರು ನಿಮಗೊಬ್ಬರಿಗೇ ಉತ್ತರ ಬರೆಯಬಹುದು. ಆದರೆ ಒಬ್ಬ ಸದಸ್ಯೆ ಕೊಟ್ಟ ಉತ್ತರವನ್ನು ನೀವು ಉಳಿದ ನಾಲ್ವರಿಗೆ ಕಳಿಸಿ, ನೋಡಿ ಅವರು ಒಪ್ಪಿದ್ದಾರೆ, ನೀವು ಅಂತ ಶುರುಮಾಡಿದರೆ, ನಿಮಗೆ ಗೊತ್ತಿಲ್ಲದೆಯೇ ನೀವು ಸೈಕಲ್ ಚಕ್ರದ ನಡುವೆ ನಿಂತಿರುತ್ತೀರಿ. ಸಿಕ್ಕಿಬೀಳುವುದು ಅವರು. ಸ್ಕೂಲ್ ಗಡಿ ಬದಲಾವಣೆಯಂಥ ಬಿಸಿ ವಿಷಯಗಳಲ್ಲಿ ನಮ್ಮ ಅಪ್ಪ ಅಮ್ಮಂದಿರು ಉತ್ಸಾಹದಲ್ಲಿ ಇದನ್ನೇ ಮಾಡುತ್ತಾರೆ.

ವಾಟ್ಸಾಪ್ ಗುಂಪು? ಫೇಸ್‌ಬುಕ್ ಲೈಕ್?

ಬಹುಮತದ ಸದಸ್ಯರಿರುವ ವಾಟ್ಸಾಪ್ ಗುಂಪಿನಲ್ಲಿ ಊರಿನ ಕೆಲಸದ ಮಾತು ಬಂದರೆ ಮೇಲ್‌ಗೆ ಇರುವ ನಿಯಮವೇ. ಗುಂಪಿನ ಹೆಸರು ‘ದೀಪಾವಳಿ ಪಾಟ್‌ಲಕ್’ ಅಂತ ಇದ್ದರೂ ಅಷ್ಟೇ.

ಎಲ್ಲರಿಗೂ ತೆರೆದಿರುವ ಸಾಮಾಜಿಕ ಜಾಲತಾಣಕ್ಕೆ 2021ರಿಂದ ಬೇರೆ ನಿಯಮ ಬಂತು, ಅದು ಇನ್ನೂ ಬಿಗಿ. ಸದಸ್ಯರು ಅಲ್ಲಿ ಜನರ ಜತೆ ಮಾತಾಡಬಹುದು. ಆದರೆ ಸಂಸ್ಥೆಯ ವ್ಯಾಪ್ತಿಗೆ ಬರುವ ವಿಷಯದಲ್ಲಿ ಒಬ್ಬ ಸದಸ್ಯರ ಪೋಸ್ಟಿಗೆ ಇನ್ನೊಬ್ಬ ಸದಸ್ಯರು ನೇರ ಪ್ರತಿಕ್ರಿಯೆ ಕೊಡುವಂತಿಲ್ಲ. ಇಲ್ಲಿ ಬಹುಮತದ ಲೆಕ್ಕವೇ ಇಲ್ಲ, ಇಬ್ಬರೇ ಸಾಕು. ಲೈಕ್, ಹಾರ್ಟ್, ಹೆಬ್ಬೆರಳು ಕೂಡ ಪ್ರತಿಕ್ರಿಯೆಯೇ. ಮೇಲಿನಲ್ಲಿ ಇಬ್ಬರು ಪುಟಗಟ್ಟಲೆ ಬರೆದುಕೊಳ್ಳಬಹುದು, ಫೇಸ್‌ಬುಕ್ಕಿನಲ್ಲಿ ಒಂದು ಹೆಬ್ಬೆರಳು ಎತ್ತುವಂತಿಲ್ಲ. ವಿಚಿತ್ರ ಅನ್ನಿಸುತ್ತದೆ, ನನಗೂ.

ನನ್ನ ಸ್ವಂತ ಜಿಮೇಲ್‌ನಿಂದ ಬರೆದರೆ ಯಾರಿಗೂ ಸಿಗುವುದಿಲ್ಲ ತಾನೆ?

ಸಿಗುತ್ತದೆ. ಇಲ್ಲಿ ಎರಡು ಕಾನೂನು ಬೇರೆ ಬೇರೆ ಅಂತ ತಿಳಿದಿರಲಿ. ಬ್ರೌನ್ ಆ್ಯಕ್ಟ್ ಕೇಳುವುದು, ಇದು ಸಭೆಯೋ ಅಲ್ಲವೋ ಅಂತ. 1968ರ ಪಬ್ಲಿಕ್ ರೆಕಾರ್ಡ್ಸ್ ಆ್ಯಕ್ಟ್ ಕೇಳುವುದು, ಇದು ಸಾರ್ವಜನಿಕ ದಾಖಲೆಯೋ ಅಲ್ಲವೋ ಅಂತ. ಇಬ್ಬರ ನಡುವಿನ ಮೇಲ್ ಸಭೆಯಲ್ಲ. ಆದರೆ ಅದು ಊರಿನ ಕೆಲಸದ್ದಾದರೆ ದಾಖಲೆ.

ಸ್ಯಾನ್ ಹೋಸೆಯ ಒಬ್ಬ ನಾಗರಿಕರು 2009ರಲ್ಲಿ ಅರ್ಜಿ ಹಾಕಿದರು. ಡೌನ್‌ಟೌನ್ ಪುನರಾಭಿವೃದ್ಧಿ ಬಗ್ಗೆ ಮೇಯರ್, ಕೌನ್ಸಿಲ್ ಸದಸ್ಯರು ಮತ್ತವರ ಸ್ಟಾಫ್ ಬರೆದುಕೊಂಡಿದ್ದೆಲ್ಲ ಕೊಡಿ ಅಂತ. ಸ್ವಂತ ಫೋನ್, ಸ್ವಂತ ಮೇಲ್ ಖಾತೆಯಲ್ಲಿದ್ದರೆ ಅದನ್ನೂ. ಸಿಟಿ ತನ್ನ ಸರ್ವರ್‌ನಲ್ಲಿದ್ದದ್ದು ಕೊಟ್ಟಿತು, ಸ್ವಂತ ಖಾತೆಯದ್ದು ನಮ್ಮ ವಶದಲ್ಲಿಲ್ಲ ಅಂದಿತು. ಕೆಳಗಿನ ಕೋರ್ಟು ಅರ್ಜಿದಾರರ ಪರ, ಮೇಲ್ಮನವಿ ಕೋರ್ಟು ಸಿಟಿ ಪರ. ಕೊನೆಗೆ 2017ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು ಒಮ್ಮತದಿಂದ ಅರ್ಜಿದಾರರ ಪರ ನಿಂತಿತು. ಸಾರ್ವಜನಿಕ ಕೆಲಸದ ಬಗ್ಗೆ ಬರೆದ ಮೇಲ್, ಸ್ವಂತ ಖಾತೆಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಖಾಸಗಿ ಆಗುವುದಿಲ್ಲ.

ಹಾಗಂತ ನಿಮ್ಮ ಫೋನ್ ಕಿತ್ತುಕೊಂಡು ಯಾರೂ ಹುಡುಕುವುದಿಲ್ಲ. ನೀವೇ ಹುಡುಕಿ ಕೊಡಬೇಕು. ಕೊಡದೆ ಇಟ್ಟುಕೊಂಡದ್ದು ಏಕೆ ಸಾರ್ವಜನಿಕ ಅಲ್ಲ ಅಂತ ಪ್ರಮಾಣಪತ್ರ ಬರೆದುಕೊಡಬಹುದು. ಮಗಳ ಪರೀಕ್ಷೆ, ಅಮ್ಮನ ಔಷಧಿ, ಸಿಟಿ ಗುತ್ತಿಗೆ ಎಲ್ಲ ಒಂದೇ ಇನ್‌ಬಾಕ್ಸಿನಲ್ಲಿದ್ದರೆ ಆ ವಾರಾಂತ್ಯ ಹಾಳು. ಮೊದಲ ದಿನದಿಂದಲೇ ಸಿಟಿ ಕೊಟ್ಟ ಖಾತೆ ಬಳಸಿ.

ಇಂಥ ದಾಖಲೆ ಕೇಳಿ ಅರ್ಜಿ ಹಾಕಲು ಅಮೆರಿಕದ ಪೌರತ್ವ ಬೇಕಾ?

ಬೇಡ. ಎಚ್-1ಬಿಯಲ್ಲಿದ್ದರೂ ಗ್ರೀನ್ ಕಾರ್ಡಿಗೆ ಕಾಯುತ್ತಿದ್ದರೂ ಕೇಳಬಹುದು. ಕಾರಣ ಹೇಳಬೇಕಿಲ್ಲ. ಕ್ಲರ್ಕ್‌ಗೆ ಒಂದು ಮೇಲ್ ಹಾಕಿದರೂ ಆಗುತ್ತದೆ. ಕೊಡುತ್ತೇವೋ ಇಲ್ಲವೋ ಅಂತ 10 ದಿನದೊಳಗೆ ಹೇಳಬೇಕು, ಕೆಲವು ಸಂದರ್ಭದಲ್ಲಿ ಇನ್ನೂ 14 ದಿನ ತೆಗೆದುಕೊಳ್ಳಬಹುದು. ‘ಎಲ್ಲ ಮೇಲ್ ಕೊಡಿ’ ಅಂತ ಕೇಳಬೇಡಿ. ವಿಷಯ, ಯಾರ ಯಾರ ನಡುವೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಅಂತ ಕೇಳಿ. ಬೇಗ ಸಿಗುತ್ತದೆ.

ರಾಜ್ಯೋತ್ಸವಕ್ಕೆ ಮೂವರು ಕೌನ್ಸಿಲ್ ಸದಸ್ಯರನ್ನು ಕರೆದಿದ್ದೇವೆ. ಬರಬಹುದಾ?

ಬರಲಿ. ಸಮಾರಂಭ, ಊಟ, ಮದುವೆ ಎಲ್ಲದಕ್ಕೂ ವಿನಾಯಿತಿ ಇದೆ. ಹೋಳಿಗೆ ಬಡಿಸಿ. ಮೂವರೂ ಮೂಲೆಯ ಟೇಬಲ್ಲಿಗೆ ಹೋಗಿ ಝೋನಿಂಗ್ (ಯಾವ ಜಾಗದಲ್ಲಿ ಏನು ಕಟ್ಟಬಹುದು ಎಂಬ ನಿಯಮ) ಮಾತಾಡದಿದ್ದರೆ ಆಯಿತು.

ತಪ್ಪು ಮಾಡಿ ಸಿಕ್ಕಿಬಿದ್ದರೆ ಜೈಲಾ?

ಕಾಗದದ ಮೇಲೆ ಸಣ್ಣ ಅಪರಾಧ ಅಂತ ಇದೆ. ಆದರೆ ಅದಕ್ಕೆ ಸಭೆಯಲ್ಲಿ ತೀರ್ಮಾನವೂ ಆಗಿರಬೇಕು, ಜನರಿಂದ ಮಾಹಿತಿ ಮರೆಮಾಡುವ ಉದ್ದೇಶವೂ ಇರಬೇಕು. ಅದನ್ನು ಸಾಬೀತು ಮಾಡುವುದು ಸುಲಭವಲ್ಲ. ನಿಜವಾದ ಪೆಟ್ಟು ಬೇರೆ ಕಡೆಯಿಂದ ಬೀಳುತ್ತದೆ. ತೀರ್ಮಾನವನ್ನೇ ರದ್ದು ಮಾಡಿ ಅಂತ ಯಾರು ಬೇಕಾದರೂ ಕೋರ್ಟಿಗೆ ಹೋಗಬಹುದು. ಅದಕ್ಕೆ ಮೊದಲು, ಸಾಮಾನ್ಯವಾಗಿ 90 ದಿನದೊಳಗೆ, ಸರಿಪಡಿಸಿ ಅಂತ ಲಿಖಿತ ಬೇಡಿಕೆ ಕೊಡಬೇಕು. ಸಂಸ್ಥೆಗೆ 30 ದಿನ ಸಮಯ. ಹೆಚ್ಚಿನವರು ಮರುಸಭೆ ಕರೆದು, ಎಲ್ಲರೆದುರು ಮೊದಲಿಂದ ಚರ್ಚಿಸಿ ಮತ್ತೆ ಮತ ಹಾಕಿ ಮುಗಿಸುತ್ತಾರೆ. ಕೇಸ್ ಸೋತರೆ ಎದುರಿನವರ ವಕೀಲರ ಫೀಸನ್ನೂ ಸಂಸ್ಥೆ ಕಟ್ಟಬೇಕಾಗಬಹುದು. ಅಂದರೆ ನಿಮ್ಮ ನಮ್ಮ ತೆರಿಗೆ ಹಣ.

ನಮ್ಮ ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಬೋರ್ಡಿಗೂ ಇದು ಅನ್ವಯಿಸುತ್ತದಾ? ಕನ್ನಡ ಕೂಟಕ್ಕೆ?

ಬ್ರೌನ್ ಆ್ಯಕ್ಟ್ ಅನ್ವಯಿಸುವುದಿಲ್ಲ, ಎರಡೂ ಸರ್ಕಾರಿ ಸಂಸ್ಥೆಯಲ್ಲ. ಆದರೆ ಎಚ್‌ಒಎಗಳಿಗೆ ಕ್ಯಾಲಿಫೋರ್ನಿಯಾದಲ್ಲಿ ಬೇರೆಯೇ ಕಾನೂನಿದೆ. ಅದರ ಪ್ರಕಾರ ಬೋರ್ಡು ಮೇಲ್ ಸರಣಿಯಲ್ಲಿ ಸಭೆ ನಡೆಸುವಂತಿಲ್ಲ. ತುರ್ತು ಇದ್ದು ಎಲ್ಲ ನಿರ್ದೇಶಕರೂ ಲಿಖಿತ ಒಪ್ಪಿಗೆ ಕೊಟ್ಟರೆ ಮಾತ್ರ ಸರಿ. ಕನ್ನಡ ಕೂಟದವರು ತಮ್ಮ ಬೈಲಾ ನೋಡಿಕೊಂಡರೆ ಸಾಕು. ಅಲ್ಲಿನ ಮೇಲ್ ಜಗಳಗಳಿಗೆ ಯಾವ ಕಾನೂನೂ ಸಾಲದು.

ಬೇರೆ ರಾಜ್ಯಗಳಲ್ಲೂ ಹೀಗೇನಾ?

ಇಲ್ಲ. ಪ್ರತಿ ರಾಜ್ಯಕ್ಕೂ ತನ್ನದೇ ಕಾನೂನು. ಫ್ಲಾರಿಡಾ ತುಂಬಾ ಕಟ್ಟುನಿಟ್ಟು. 1967ರ ಸನ್‌ಶೈನ್ ಕಾನೂನಿನಲ್ಲಿ ಒಂದೇ ಬೋರ್ಡಿನ ಇಬ್ಬರು ಸದಸ್ಯರು ಮುಂದೆ ಬರಬಹುದಾದ ವಿಷಯ ಮಾತಾಡಿದರೂ ಸಭೆಯೇ. ವಾಷಿಂಗ್ಟನ್ ರಾಜ್ಯದ ಕೋರ್ಟು 2001ರಲ್ಲಿ ಒಂದು ಸ್ಕೂಲ್ ಬೋರ್ಡಿನ ಕೇಸಿನಲ್ಲಿ, ಮೇಲ್ ವಿನಿಮಯವೂ ಸಭೆ ಆಗಬಹುದು ಅಂದಿತು. ಒಹಾಯೊ ಸುಪ್ರೀಂ ಕೋರ್ಟು 2016ರಲ್ಲಿ ಅದನ್ನೇ ಹೇಳಿತು. ಅಲ್ಲಿ ಸ್ಕೂಲ್ ಬೋರ್ಡಿನವರು ಪತ್ರಿಕೆಯ ಸಂಪಾದಕೀಯಕ್ಕೆ ಉತ್ತರವನ್ನು ಮೇಲಿನಲ್ಲೇ ಕೂಡಿ ಬರೆದಿದ್ದರು.

ವರ್ಜೀನಿಯಾ ಉಲ್ಟಾ ಹೋಯಿತು. ಫ್ರೆಡರಿಕ್ಸ್‌ಬರ್ಗ್ ಕೌನ್ಸಿಲ್ ಸದಸ್ಯರ ಮೇಲ್‌ಗಳನ್ನು ನೋಡಿ ಅಲ್ಲಿನ ಸುಪ್ರೀಂ ಕೋರ್ಟು 2004ರಲ್ಲಿ, ಒಂದು ಮೇಲಿಗೂ ಅದರ ಉತ್ತರಕ್ಕೂ ನಡುವೆ ಕಡಿಮೆ ಅಂದರೂ ನಾಲ್ಕು ಗಂಟೆ ಅಂತರ ಇದೆ, ಇದು ಕಾಗದ ಬರೆದ ಹಾಗೆ, ಸೇರಿ ಮಾತಾಡಿದ ಹಾಗಲ್ಲ ಎಂಬ ನಿಲುವು ತಳೆಯಿತು. ನಿಮಿಷದೊಳಗೆ ಉತ್ತರ ಬರುವ ಈ ಕಾಲದಲ್ಲಿ ಆ ವಾದ ಎಷ್ಟು ದಿನ ನಿಲ್ಲುತ್ತದೋ ನೋಡಬೇಕು.

ಕರ್ನಾಟಕದಲ್ಲಿ?

ಸದಸ್ಯರ ಮೇಲ್ ಸರಣಿಯನ್ನೇ ಸಭೆ ಅನ್ನುವ ಕಾನೂನು ನಮ್ಮಲ್ಲಿಲ್ಲ. ಸಾಮಾನ್ಯ ಸಭೆಗೆ ನೋಟಿಸು, ಕೋರಂ, ಠರಾವು ಎಲ್ಲ ಇದೆ. ಆದರೆ ಹಿಂದಿನ ರಾತ್ರಿ ಸದಸ್ಯರು ಯಾರ ಮನೆಯಲ್ಲಿ ಸೇರಿದ್ದರು ಅಂತ ಕಾನೂನು ಕೇಳುವುದಿಲ್ಲ. ದಾಖಲೆಯ ಬದಿಯಲ್ಲಿ ಮಾತ್ರ ನಾವು ಹಿಂದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ‘ಮಾಹಿತಿ’ ಅಂದರೆ ಏನು ಎಂದು ಹೇಳುವಾಗಲೇ ಇಮೇಲ್ ಎಂಬ ಪದ ಸೇರಿದೆ. ಸ್ಯಾನ್ ಹೋಸೆಯವರು 2017ರವರೆಗೆ ಕಾದದ್ದು ನೆನಪಿದೆಯಲ್ಲ?

ನಾನು ಮೊನ್ನೆ ತಾನೇ ಗೆದ್ದೆ. ಪ್ರಮಾಣವಚನ ಇನ್ನೂ ಆಗಿಲ್ಲ. ಅಲ್ಲಿಯವರೆಗೆ ಬರೆಯಬಹುದಲ್ಲ?

ಅಭಿನಂದನೆ. ಆದರೆ ಬರೆಯುವಂತಿಲ್ಲ. ಆಯ್ಕೆಯಾಗಿ ಅಧಿಕಾರ ವಹಿಸಿಕೊಳ್ಳದವರೂ ಸದಸ್ಯರ ಲೆಕ್ಕವೇ. ನಿಮ್ಮ ಜತೆ ಗೆದ್ದ ಇನ್ನಿಬ್ಬರೂ ಸೇರಿ, ಮುಂದಿನ ಮೇಯರ್ ಯಾರಾಗಬೇಕು ಅಂತ ಮೇಲ್ ಶುರುಮಾಡಿದ್ದರೆ, ಉತ್ತರ ಬರೆಯದೆ ಹಾಗೇ ಬಿಡಿ. ಯಾಕೆ ಉತ್ತರ ಕೊಡಲಿಲ್ಲ ಅಂತ ಕೇಳಿದರೆ, ಸಿಟಿ ಅಟಾರ್ನಿಯ ಫೋನ್ ನಂಬರ್ ಕೊಡಿ.